ಬಂಗಾರದ ಹಕ್ಕಿಯ ಬಗ್ಗೆ ಒಂದು ತಕರಾರು

ಮಸ್ಕಿ, ಮೇ ೧೯೯೪

ಸರ್ಕಾರಿ ಆಸ್ಪತ್ರೆಯ ಮಾನ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಕತ್ತರಿಯ ಮೇಲೆ ನನ್ನ ತಕರಾರಿಲ್ಲ, ನಿಮ್ಮ ಬಾಗಿಲಿನ ಮೇಲಿದೆ. ಆಪರೇಶನ್ ಕೋಣೆಗೆ ‘ರೋಗಿಯ ಕಡೆಯವರು ಹೊರಗೆ ನಿಲ್ಲತಕ್ಕದ್ದು’ ಎಂಬ ಬೋರ್ಡು ಹಾಕಿಸಿದ್ದೀರಿ. ಸುನ್ನತಿಗೆ ಬರುವ ಐದಾರು ವರ್ಷದ ಮಕ್ಕಳೂ ಅಪ್ಪನನ್ನು ಹೊರಗೆ ಬಿಟ್ಟು ಒಂಟಿಯಾಗಿಯೇ ಒಳಗೆ ಹೋಗಬೇಕು. ಗಾಯ ಎಂಟು ದಿನಕ್ಕೆ ಮಾಯುತ್ತದೆ ಎಂದು ಚೀಟಿಯಲ್ಲಿ ಬರೆದುಕೊಡುತ್ತೀರಿ. ಮಾಯುತ್ತದೆ, ಒಪ್ಪಿದೆ. ಆ ಹೆದರಿಕೆ ಎಷ್ಟು ದಿನಕ್ಕೆ ಮಾಯುತ್ತದೆಂದು ಬರೆಯಲು ಚೀಟಿಯಲ್ಲಿ ಜಾಗ ಸಾಲಲಿಲ್ಲವೇ?

ಸುನ್ನತಿ ನಮ್ಮ ಧರ್ಮದ ಕಟ್ಟಳೆ. ಅದನ್ನು ಪ್ರಶ್ನಿಸುವಷ್ಟು ದೊಡ್ಡವನು ನಾನಲ್ಲ. ಆದ್ದರಿಂದ ಈ ಪತ್ರ ಓದಿ ನಮ್ಮ ಹಿರಿಯರಾರೂ ಬಿಸಿಯಾಗಬೇಕಿಲ್ಲ. ನನ್ನ ಜಗಳವೆಲ್ಲ ಒಂದು ಹಕ್ಕಿಯ ಜೊತೆ.

ನನಗೆ ಏಳು ವರ್ಷವಿದ್ದಾಗ ಬಳಗಾನೂರಿನ ನಮ್ಮ ಮನೆಯಲ್ಲಿ ನನಗೆ ಹೊಸ ಅಂಗಿ ತೊಡಿಸಿ, ಹೂವಿನ ಹಾರ ಹಾಕಿ, ಕುದುರೆ ಹತ್ತಿಸಿ ಊರು ಸುತ್ತಿಸಿದರು. ಇಷ್ಟೊಂದು ಮರ್ಯಾದೆ ಯಾಕೆಂದು ಅನುಮಾನ ಪಡುವ ಬುದ್ಧಿ ಆಗ ನನಗಿರಲಿಲ್ಲ. ಮನೆಗೆ ಬಂದಾಗ ಕ್ಷೌರಿಕ ಮೌಲಾಸಾಬ್ ಕಾದು ಕುಳಿತಿದ್ದರು. ನಮ್ಮಪ್ಪ ಲಾಲ್‌ಸಾಬ್ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಮ್ಯಾಲ ನೋಡೋ, ತೊಲಿ ಮ್ಯಾಗ ಬಂಗಾರದ ಹಕ್ಕಿ ಕುಂತೈತಿ” ಎಂದರು. ನಾನು ನೋಡಿದೆ. ಹಕ್ಕಿ ಇರಲಿಲ್ಲ. ಆಮೇಲೆ ಆದದ್ದು ನಿಮಗೆ ಗೊತ್ತೇ ಇದೆ.

ಅಂದಿನಿಂದ ಯಾರು ಮೇಲೆ ನೋಡು ಎಂದರೂ ನನ್ನ ಎರಡೂ ಕೈ ತಾವಾಗಿಯೇ ಮುಂದೆ ಬಂದು ಕಾವಲು ನಿಲ್ಲುತ್ತವೆ. ಸಿಂಧನೂರಿನ ಸ್ಟುಡಿಯೊದಲ್ಲಿ ತೆಗೆಸಿದ ಮದುವೆಯ ಫೋಟೊ ನೋಡಿ. ಫೋಟೊದವನು ಮೇಲೆ ನೋಡು ಎಂದದ್ದಕ್ಕೆ ತಲೆ ತಗ್ಗಿಸಿ, ಎರಡೂ ಕೈ ಮುಂದೆ ಕಟ್ಟಿ ನಿಂತಿದ್ದೇನೆ. ಲಿಂಗಸುಗೂರಿನ ಬೀಗರು ಇಂದಿಗೂ ಅಳಿಯ ಭಾರಿ ವಿನಯವಂತ ಎಂದುಕೊಂಡಿದ್ದಾರೆ! ಇಷ್ಟಾದರೆ ನಕ್ಕು ಬಿಡಬಹುದಿತ್ತು. ಆದರೆ ಆ ದಿನದ ನಂತರ ನಾನು ಅಪ್ಪನ ತೊಡೆಯ ಮೇಲೆ ಕೂರಲಿಲ್ಲ. ಅಪ್ಪ ಕರೆದರು, ನಾನು ಹೋಗಲಿಲ್ಲ. ಅವರು ಹೋಗಿ ಹತ್ತು ವರ್ಷವಾಯಿತು.

ಎರಡು ವರ್ಷದ ಹಿಂದೆ ನನ್ನ ಹಿರಿಯ ಮಗ ಜಿಲಾನಿಯನ್ನು ನಿಮ್ಮಲ್ಲಿಗೆ ಕರೆತಂದೆ. ಇವನಿಗೆ ನಿಜ ಹೇಳಿಯೇ ಒಳಗೆ ಕಳಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಿಮ್ಮ ನರ್ಸಮ್ಮ ಅವನ ರಟ್ಟೆ ಹಿಡಿದರು. ಅವನು ನನ್ನ ಅಂಗಿ ಹಿಡಿದ.

“ಅಪ್ಪಾ, ಒಳಗ ಏನ್ ಮಾಡ್ತಾರ?”

“ಏನಿಲ್ಲಪ. ಮ್ಯಾಲ ನೋಡ್ಕೋತ ಮಲಗು. ಬಂಗಾರದ ಹಕ್ಕಿ ಬರತೈತಿ.”

ಹೌದು ಸಾಹೇಬರೇ, ನನ್ನ ಬಾಯಿಂದಲೇ ಬಂತು. ಅವನು ನಂಬಿ, ಅಂಗಿ ಬಿಟ್ಟು ಒಳಗೆ ಹೋದ. ಅವನ ಕೂಗು ಕೇಳಿದಾಗ ನಾನು ಹೊರಗಿನ ಬೆಂಚಿನ ಮೇಲೆ ಜಿಲೇಬಿ ಪೊಟ್ಟಣ ಹಿಡಿದುಕೊಂಡು ಕೂತಿದ್ದೆ. ಮನೆಗೆ ಬಂದ ಮೇಲೆ ಅವನು ಕೇಳಿದ್ದು ಒಂದೇ ಮಾತು: “ಹಕ್ಕಿ ಇಲ್ಲಂತ ನಿನಗ ಮೊದಲ ಗೊತ್ತಿತ್ತಲ್ಲ?” ನಾನು ಗಾದಿಯ ಹತ್ತಿ ಹಿಂಜುತ್ತಾ ಕೂತೆ.

ಈಗ ಅವನಿಗೆ ಒಂಬತ್ತು. ಗಾಯ ನೀವು ಹೇಳಿದಂತೆ ಎಂಟೇ ದಿನಕ್ಕೆ ಮಾಯಿತು. ಆದರೆ ನಾನು ಸಿಹಿ ಕೊಟ್ಟರೆ ಮೂಸಿ ನೋಡುತ್ತಾನೆ. ಒಂದು ದಿನ ಶಾಲೆಗೆ ರಜೆ ಎಂದೆ. ಹೋಗಿ ಬೀಗ ನೋಡಿಕೊಂಡು ಬಂದ.

ಸುಳ್ಳು ನಿನ್ನದು, ನನ್ನ ಬಾಗಿಲನ್ನೇಕೆ ಬೈಯುತ್ತೀ ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆಯೇ. ಆದರೆ ಒಳಗೆ ಬಂದು ಕೈ ಹಿಡಿದು ನಿಲ್ಲಬಹುದು ಎಂದು ಗೊತ್ತಿದ್ದರೆ ನಾನು ನಿಜ ಹೇಳುತ್ತಿದ್ದೆ. ಬರಿಗೈಯಲ್ಲಿ ಕಳಿಸಬೇಕಾಯಿತು, ಹಾಗಾಗಿ ಹಕ್ಕಿಯನ್ನು ಜೊತೆಗೆ ಕಳಿಸಿದೆ.

ಬರುವ ಶುಕ್ರವಾರ ನನ್ನ ಕಿರಿಯ ಮಗನ ಸರದಿ. ಅವನಿಗಿನ್ನೂ ಐದು ವರ್ಷ. ಜಿಲಾನಿ ಅವನಿಗೆ ಈಗಾಗಲೇ ಪಾಠ ಮಾಡಿದ್ದಾನೆ: “ಸೂಜಿ ಚುಚ್ಚತಾರ. ನೋಯತೈತಿ. ಆಮ್ಯಾಲ ಕಮ್ಮಿ ಆಗತೈತಿ. ಹಕ್ಕಿಗಿಕ್ಕಿ ಏನೂ ಇರೂದಿಲ್ಲ.” ಪಕ್ಕದಲ್ಲಿದ್ದ ನಾನು, ಸಾಹೇಬರನ್ನು ಬೇಡಿಕೊಂಡು ಒಳಗೆ ಬರುತ್ತೇನೆ, ನಿನ್ನ ಕೈ ಹಿಡಿಯುತ್ತೇನೆ ಎಂದೆ. ಸಣ್ಣವನು ನನ್ನ ಮುಖ ನೋಡಲಿಲ್ಲ, ಅಣ್ಣನ ಮುಖ ನೋಡಿದ.

“ಬ್ಯಾಡಪ್ಪಾ. ನೀ ಹೊರಗ ಕುಂದ್ರು” ಎಂದ ಜಿಲಾನಿ. “ಅವನ ಕೈ ನಾ ಹಿಡೀತೀನಿ.”

ಆದ್ದರಿಂದ ಆ ಬೋರ್ಡನ್ನು ಇಳಿಸಿ, ಮಕ್ಕಳ ಜೊತೆ ಒಬ್ಬರನ್ನು ಒಳಗೆ ಬಿಡಬೇಕೆಂಬುದು ನನ್ನ ಬೇಡಿಕೆ. ಅದಕ್ಕೆ ಮೇಲಿನವರ ಅಪ್ಪಣೆ ಬೇಕೆಂದಾದರೆ, ಈ ಶುಕ್ರವಾರದ ಮಟ್ಟಿಗೆ ಒಂಬತ್ತು ವರ್ಷದ ಒಬ್ಬನಿಗೆ ಬಾಗಿಲು ತೆರೆಯಿರಿ. ನಿಮ್ಮ ಫಾರಮ್ಮಿನಲ್ಲಿ ಪಾಲಕರು ಯಾರು ಎಂಬ ಕಡೆ ಅವನ ಹೆಸರನ್ನೇ ಬರೆದುಕೊಳ್ಳಿ. ಕೆಳಗೆ ನಾನು ಸಹಿ ಹಾಕುತ್ತೇನೆ.

ಇಂತಿ,
ಹೊರಗಿನ ಬೆಂಚಿನ ಮೇಲೆ ಸಿಗುವ,
ಗಾದಿ ಹೊಲಿಯುವ ಹಸನ್‌ಸಾಬ್