ಮೂಲೆಮನೆಯ ಸಾಕೆ ಶೀಶೆ

ಹಮಾನೊ ಕೇರಿ, ಒಸಾಕಾ ಕರಾವಳಿ
ಸೆಪ್ಟೆಂಬರ್ ೨೨, ಸೋಮವಾರ ಮಧ್ಯಾಹ್ನ

ಪ್ರೀತಿಯ ಇಸಾವೊ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ವಿಯೆಟ್ನಾಮಿನ ಆ ಹೈಫಾಂಗಿನ ಸೆಖೆಯಲ್ಲಿ ದಿನವಿಡೀ ಹಡಗಿನ ಹೊಟ್ಟೆಯೊಳಗೆ ಬಗ್ಗಿಕೊಂಡು ಇಂಜಿನ್ ಬಿಚ್ಚುವವನಿಗೆ ಸೊಂಟ ನೋಯದೆ ಏನಾದೀತು! ನಾನು ಕಳಿಸಿದ ನೋವಿನ ಪಟ್ಟಿಗಳನ್ನು ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲ ಪೆಟ್ಟಿಗೆಯಲ್ಲೇ ಪೂಜೆಗೆ ಇಟ್ಟಿದ್ದೀಯೋ, ನಿಜ ಹೇಳು. ಅಲ್ಲಿಯ ಊಟ ಒಗ್ಗಿದೆ ಎಂದಿದ್ದೆ, ಸಂತೋಷ. ನಾನು ಚೆನ್ನಾಗಿದ್ದೇನೆ. ಗಂಟಲು ಮಾತ್ರ ಪೂರ್ತಿ ಕಟ್ಟಿಹೋಗಿದೆ. ಫೋನಿನಲ್ಲಿ ಎಲ್ಲ ಹೇಳಬಹುದಿತ್ತು, ಆದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ವಿಷಯ ಎಲ್ಲೋ ಹೋಗುತ್ತದೆ. ಅದಕ್ಕೇ ಕಾಗದ. ಕೂತುಕೊಂಡು ಓದು.

ನಿಮ್ಮ ಬಂಡಿಹಬ್ಬದ ಬಗ್ಗೆ ನನ್ನ ಅಭಿಪ್ರಾಯವೇನೆಂದು ನಿನಗೆ ಮಾತ್ರವಲ್ಲ, ಕೇರಿಗೆಲ್ಲ ಗೊತ್ತು. ಫಿನ್‌ಲೆಂಡಿನ ನಮ್ಮ ಊರಿನಲ್ಲಿ ಪಕ್ಕದ ಮನೆಯವರು ಜೋರಾಗಿ ಸೀನಿದರೆ ಮಾರನೆಯ ದಿನ ಬಂದು ಕ್ಷಮೆ ಕೇಳುತ್ತಿದ್ದರು. ಅಂಥ ಕಡೆಯಿಂದ ನನ್ನನ್ನು ಕರೆತಂದು, ಇಡೀ ಊರಿನಲ್ಲೇ ಅತಿ ಇಕ್ಕಟ್ಟಾದ ತಿರುವಿನ ಮೂಲೆಮನೆಯಲ್ಲಿ ಕೂರಿಸಿ, "ಸೆಪ್ಟೆಂಬರಲ್ಲಿ ಎರಡು ದಿನ ಸ್ವಲ್ಪ ಸದ್ದಿರುತ್ತೆ ಅಷ್ಟೆ" ಎಂದಿದ್ದೆಯಲ್ಲ, ಆ ಸ್ವಲ್ಪವನ್ನು ನಾನು ಇನ್ನೂ ಮರೆತಿಲ್ಲ. ನಾಲ್ಕು ಟನ್ನಿನ ಮರದ ಬಂಡಿ, ಎಳೆಯಲು ನಾನೂರು ಜನ, ಚಾವಣಿಯ ಮೇಲೆ ಬೀಸಣಿಗೆ ಹಿಡಿದು ಕುಣಿಯುವವನೊಬ್ಬ, ಹಿಂದುಗಡೆ ಹಗ್ಗ ಹಿಡಿದು ಬಂಡಿಯ ಅಂಡನ್ನು ಪಕ್ಕಕ್ಕೆಳೆಯುವ ನೀನು. ನಿಧಾನವಾಗಿ ನಡೆದು ಬಂದರೆ ಯಾರಿಗೇನು ನಷ್ಟವಿತ್ತು? ಇಲ್ಲ, ಓಡಬೇಕು, ಓಡುತ್ತಲೇ ತಿರುಗಿಸಬೇಕು. ನಮ್ಮ ಸೂರಿಗೂ ಬಂಡಿಗೂ ನಡುವೆ ಒಂದು ಗೇಣು ಉಳಿದರೆ ಅದು ಕೈಚಳಕ, ಉಳಿಯದಿದ್ದರೆ ಅದು ಹಬ್ಬ! ಮೊದಲ ವರ್ಷ ನಾನು ಸ್ನಾನದ ತೊಟ್ಟಿಯೊಳಗೆ ಎರಡು ದಿಂಬಿನ ನಡುವೆ ತಲೆಯಿಟ್ಟುಕೊಂಡು ಕೂತಿದ್ದೆ. ನಾಲ್ಕನೆಯ ವರ್ಷ ಕ್ಯೋತೊಗೆ ಓಡಿಹೋದೆ. ಏಳೆಂಟು ವರ್ಷ ಕಳೆದ ಮೇಲೆ ಸಿಟ್ಟು ಇಳಿದು ಗೊಣಗಾಟ ಮಾತ್ರ ಉಳಿಯಿತು. ನಿಮ್ಮ ಅಮ್ಮನಿಂದ ಹಬ್ಬದ ಏಡಿ ಬೇಯಿಸಲು ಕಲಿತೆ. ತಮಟೆಯ ಸದ್ದು ಹತ್ತಿರವಾದ ಕೂಡಲೇ ಗಾಜಿನ ಲೋಟಗಳನ್ನು ನೆಲಕ್ಕಿಳಿಸುವುದು ಕೈಗೆ ರೂಢಿಯಾಯಿತು. ನಿನಗೆ ತಿಳಿಯದ ಹಾಗೆ ಮಹಡಿಯ ಕಿಟಕಿಯ ಸಂದಿಯಿಂದ ನೋಡುವುದೂ ರೂಢಿಯಾಯಿತು. ನೋಡುತ್ತಿದ್ದುದು ನಿನ್ನನ್ನು, ಬಂಡಿಯನ್ನಲ್ಲ. ಹಿಗ್ಗಬೇಡ.

ಇನ್ನು ಶೀಶೆಯ ವಿಷಯ. ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಕೇರಿಯ ಯಜಮಾನರು ಕಪ್ಪು ಸೂಟು ಹಾಕಿಕೊಂಡು ಬಂದು, ಬಾಗಿಲಲ್ಲಿ ಸೊಂಟ ಬಗ್ಗಿಸಿ, ತುಂಬ ತೊಂದರೆ ಕೊಟ್ಟೆವು ಎಂದು ಅಕ್ಕಿಮದ್ಯ ಸಾಕೆಯ ದೊಡ್ಡ ಶೀಶೆ ಇಟ್ಟುಹೋಗುತ್ತಾರಲ್ಲ, ಮೊದಲ ವರ್ಷ ನಾನು ಅದನ್ನು ಲಂಚ ಎಂದುಕೊಂಡೆ. ನೀನು ಒಳಗೆ ಹೆಣದಂತೆ ಮಲಗಿದ್ದೆ. ನಾನೇ ಹೊತ್ತುಕೊಂಡು ಹೋಗಿ ಕೇರಿಯ ಸಭಾಮನೆಯಲ್ಲಿ ವಾಪಸ್ಸಿಟ್ಟು ಬಂದೆ. ಸಿಟ್ಟು ಇಳಿದ ಮೇಲೂ, ನಾನಂತೂ ಕುಡಿಯುವವಳಲ್ಲ, ಇಷ್ಟು ದೊಡ್ಡ ಶೀಶೆ ಸುಮ್ಮನೆ ಯಾಕೆ ಎಂದು ಪ್ರತಿ ವರ್ಷ ಹಿಂದಿರುಗಿಸುತ್ತಿದ್ದೆ. ಬರಿಗೈಯಲ್ಲಿ ಹೋಗುವುದು ಚೆನ್ನಲ್ಲವೆಂದು ಜೊತೆಗೆ ಒಂದು ಏಲಕ್ಕಿ ಬ್ರೆಡ್ಡು. ಅವರು ಬ್ರೆಡ್ಡು ಹಿಡಿದುಕೊಂಡು ಎರಡೆರಡು ಸಲ ಬಗ್ಗುತ್ತಿದ್ದರು. ಎಂಥ ಚಂದದ ಕೊಡುಕೊಳ್ಳುವಿಕೆ ಎಂದು ನಾನು ನಮ್ಮ ಅಮ್ಮನಿಗೆ ಹೆಮ್ಮೆಯಿಂದ ಬರೆದಿದ್ದೆ ಕೂಡ. ಕಳೆದ ವರ್ಷ ನೀನು ಹೈಫಾಂಗಿಗೆ ಹೋದ ಮೇಲೂ ತಪ್ಪಿಸಲಿಲ್ಲ.

ಈ ಜುಲೈ ತಿಂಗಳ ಒಂದು ಶುಕ್ರವಾರ ನಕಾನಿಶಿ ಬಂದ. ನಿನ್ನ ಹಿಂದೆ ಹಗ್ಗ ಹಿಡಿದು ಕಲಿತವನು ಈಗ ಯಜಮಾನ, ಗೊತ್ತಲ್ಲ. ಆ ಬಿಸಿಲಲ್ಲಿ ಕಪ್ಪು ಸೂಟು, ಹಿಂದೆ ಇಬ್ಬರು ಹಿರಿಯರು. ಯಾರೋ ಸತ್ತಿದ್ದಾರೆ ಎಂದುಕೊಂಡೆ. "ಅತ್ತಿಗೆ, ಹತ್ತೊಂಬತ್ತು ವರ್ಷ ಆದ್ರೂ ನಿಮ್ಮ ಸಿಟ್ಟು ಇಳಿಸೋಕೆ ನಮ್ಮ ಕೈಲಾಗ್ಲಿಲ್ಲ. ತಪ್ಪು ನಮ್ದೇ. ಈ ವರ್ಷದಿಂದ ಬಂಡಿ ನಿಮ್ಮನೆ ಮೂಲೇಲಿ ತಿರುಗಲ್ಲ, ಬ್ಯಾಂಕ್ ಹತ್ರ ದೊಡ್ಡ ರಸ್ತೇಲಿ ತಿರುಗಿಸ್ತೀವಿ. ಸೋಮವಾರ ಪೊಲೀಸ್ನೋರಿಗೆ ನಕ್ಷೆ ಕೊಡ್ತಿದ್ದೀವಿ. ಇನ್ನಾದ್ರೂ ನೆಮ್ಮದಿಯಾಗಿರಿ" ಎಂದ. ನಾನು ಏನೆಂದೆ ಗೊತ್ತೆ? "ಆಗಲಿ" ಎಂದೆ. ಅವರು ಹೋದ ಮೇಲೆ ನಾನು ಕುಣಿಯಬೇಕಿತ್ತು. ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕುಸಿದು ಕೂತೆ. ಅಳು ಬಂತು. ಯಾಕೆಂದು ಆಗ ನನಗೂ ತಿಳಿಯಲಿಲ್ಲ.

ಪಕ್ಕದ ಮನೆಯ ಫುಸಾಎ ಅಜ್ಜಿಗೆ ಎಂಬತ್ತೆಂಟಾದರೂ, ಕಿವಿ ಕೇಳಿಸದಿದ್ದರೂ, ಬೇಡದ್ದೆಲ್ಲ ಕೇಳಿಸುತ್ತದೆ. ಊರುಗೋಲು ಹಿಡಿದು ನೇರ ಒಳಗೆ ಬಂದಳು. "ನಿನ್ ಬುದ್ಧಿಗಿಷ್ಟು! ಶೀಶೆ ವಾಪಸ್ ಕೊಟ್ರೆ ಏನರ್ಥ ಗೊತ್ತೇನೇ? ನಿಮ್ಮನ್ನ ಕ್ಷಮಿಸಲ್ಲ ಹೋಗ್ರೋ ಅಂತ. ಅದ್ರ ಮೇಲೆ ಬ್ರೆಡ್ ಬೇರೆ! ಅಷ್ಟು ನಯವಾಗಿ ಉಗಿಯೋದು ನಮ್ಮತ್ತೆಗೂ ಬರ್ತಿರ್ಲಿಲ್ಲ" ಎಂದು ಬೈದಳು. ಹಾಗಾದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದರು ಎಂದು ಕೇಳಿದೆ. "ನಿನ್ ಗಂಡ ಇದ್ನಲ್ಲ! ನೀನು ಶೀಶೆ ಇಟ್ಟು ಬಂದ ಸಂಜೇನೇ ಹೋಗಿ, ನನ್ನ ಹೆಂಡ್ತಿ ಪರವಾಗಿ ನಾನು ಬಗ್ತೀನಿ ಅಂತ ನೆಲಕ್ಕೆ ಹಣೆ ಹಚ್ತಿದ್ದ. ಆಮೇಲೆ ಎಲ್ಲಾ ಸೇರಿ ಅದೇ ಶೀಶೆ ಖಾಲಿ ಮಾಡ್ತಿದ್ರು. ಹೋದ ವರ್ಷ ಬಗ್ಗೋಕೆ ಯಾರಿದ್ರು? ಆ ಶೀಶೆ ಇನ್ನೂ ಸಭಾಮನೆ ಕಪಾಟಲ್ಲೇ ಕೂತಿದೆ. ಅದನ್ನ ನೋಡಿ ನೋಡೀನೇ ಅವ್ರಿಗೆ ತಡೀಲಿಲ್ಲ. ನಿನ್ ಮಾವ ಹಗ್ಗ ಹಿಡಿದ ಮೂಲೆ ಕಣೇ ಇದು. ಇದೇ ಹೋದ್ರೆ ಇಸಾವೊ ಯಾವ್ ಮುಖ ಇಟ್ಕೊಂಡು ಊರಿಗೆ ಬರ್ತಾನೆ?"

ಕಳ್ಳ! ಟವೆಲ್ಲು, ಬೋಗುಣಿ ಹಿಡಿದುಕೊಂಡು ಸಾರ್ವಜನಿಕ ಸ್ನಾನದಮನೆಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದೆ. ಕೆಂಪು ಮುಖ ಮಾಡಿಕೊಂಡು ಬಂದರೆ ಪಾಪ, ಬಿಸಿನೀರು ಜಾಸ್ತಿಯಾಯಿತು ಎಂದು ನಾನು ಬಾರ್ಲಿ ಚಹಾ ಕೊಡುತ್ತಿದ್ದೆ. ಹದಿನೆಂಟು ವರ್ಷ, ಇಸಾವೊ! ಒಂದು ಮಾತು ಹೇಳಿದ್ದರೆ ನಾನೇನು ನಿನ್ನನ್ನು ತಿನ್ನುತ್ತಿದ್ದೆನೆ? ತಿನ್ನುತ್ತಿದ್ದೆನೇನೋ. ಮೊದಲ ಒಂದೆರಡು ವರ್ಷದಲ್ಲಿ ಹೇಳಿದ್ದರೆ ನಾಚಿಕೆಯಿಂದ ಗಂಟುಮೂಟೆ ಕಟ್ಟಿ ಊರಿಗೇ ಹೋಗುತ್ತಿದ್ದೆ. ನೀನು ಅದಕ್ಕೇ ಹೆದರಿದ್ದೆ ಎಂದು ಈಗ ಅರ್ಥವಾಗುತ್ತದೆ.

ಮಾರನೆಯ ದಿನ ಬೆಳಿಗ್ಗೆಯೇ ಸಭಾಮನೆಗೆ ಹೋಗಿ, ಆ ಶೀಶೆ ನನಗೆ ಕೊಡಿ ಎಂದೆ. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಒಂದ್ಸಲ ವಾಪಸ್ ಬಂದಿದ್ದನ್ನ ಮತ್ತೆ ಕೊಡೋ ಪದ್ಧತಿ ಇಲ್ಲಮ್ಮ" ಎಂದರು. ಕೊಡುವವರೆಗೆ ಏಳುವುದಿಲ್ಲ ಎಂದು ನಾನು ಹೊಸಿಲ ಮೇಲೆ ಕೂತೆ. ಅವರು ಒಳಗೆ ಅರ್ಧ ಗಂಟೆ ಪದ್ಧತಿಯ ಚರ್ಚೆ ಮಾಡಿದರು. ಕೊನೆಗೆ ತೀರ್ಮಾನವಾದದ್ದು ಇದು: ಸಭಾಮನೆಯಲ್ಲಿ ಕೊಟ್ಟರೆ ಅದು ಕ್ಷಮಾಪಣೆಯಲ್ಲ, ತೊಂದರೆಯಾದ ಮನೆಯ ಬಾಗಿಲಿಗೇ ಹೋಗಿ ಕೊಡಬೇಕು. ನಕಾನಿಶಿ ಸೂಟು ಹಾಕಿಕೊಳ್ಳಲು ತನ್ನ ಮನೆಗೆ ಓಡಿದ. ಅವನು ಬರುವಾಗ ನಾನು ಮನೆಯಲ್ಲಿರಬೇಕಲ್ಲ, ನಾನು ಇತ್ತ ಓಡಿದೆ. ಮೀನಂಗಡಿಯ ಹತ್ತಿರ ಇಬ್ಬರೂ ಎದುರುಬದುರಾದೆವು. ಅವನು ಟೈ ಕಟ್ಟಿಕೊಳ್ಳುತ್ತ ಶೀಶೆಯನ್ನು ಕಂಕುಳಲ್ಲಿ ಇರುಕಿಕೊಂಡಿದ್ದ. ಕಂಡೂ ಕಾಣದವರಂತೆ ಇಬ್ಬರೂ ಮುಖ ತಿರುಗಿಸಿಕೊಂಡೆವು. ನಾನು ಬಾಗಿಲು ಹಾಕಿಕೊಂಡೆ, ಅವನು ಗಂಟೆ ಒತ್ತಿದ, ಯಾರು ಎಂದು ಕೇಳಿದೆ! "ಹೋದ ವರ್ಷ ತುಂಬಾ ತೊಂದ್ರೆ ಕೊಟ್ವಿ ಅತ್ತಿಗೆ" ಎಂದು ಬಗ್ಗಿದ. ನಾನೂ ಬಗ್ಗಿ ಎರಡೂ ಕೈಯಲ್ಲಿ ತೆಗೆದುಕೊಂಡೆ. ಅಲ್ಲೇ ಮುಚ್ಚಳ ತೆಗೆದು ಒಂದು ಬಟ್ಟಲು ಕುಡಿದೆ. ಮೂಗಿಗೆ ಹತ್ತಿ ಕೆಮ್ಮು ಬಂತು, ಅವನು ಬೆನ್ನು ತಟ್ಟುತ್ತ ಅಳುತ್ತಿದ್ದ. ಸೋಮವಾರ ಪೊಲೀಸರಿಗೆ ಹೋದದ್ದು ಹಳೆಯ ನಕ್ಷೆಯೇ, ಬಂಡಿಯ ತಿರುವು ನಮ್ಮ ಮೂಲೆಯಲ್ಲೇ ಉಳಿಯಿತು.

ಹಬ್ಬದ ದಿನ ನಾನು ಮಹಡಿಗೆ ಹೋಗಲಿಲ್ಲ. ಫುಸಾಎ ಅಜ್ಜಿಯ ಕುರ್ಚಿಯ ಪಕ್ಕ ಬಾಗಿಲಲ್ಲೇ ನಿಂತಿದ್ದೆ. ಬಂಡಿ ಬಂತು. ನಿನ್ನ ಜಾಗದಲ್ಲಿದ್ದವನು ಚೂರು ತಡವಾಗಿ ಎಳೆದ. ನಮ್ಮ ಸೂರಿನಂಚಿನ ಮಳೆನೀರು ಹರಿಯುವ ದೋಣಿ ಕಿತ್ತು ಬಂತು, ಐದಾರು ಹೆಂಚು ಉದುರಿದವು. ಯಾರಿಗೂ ಏಟಾಗಲಿಲ್ಲ. ತಮಟೆ ನಿಂತಿತು. ನಾನೂರು ಜನ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದರು. ಚಾವಣಿ ಮೇಲಿದ್ದವನ ಬೀಸಣಿಗೆ ಕೂಡ ಅಲ್ಲಾಡಲಿಲ್ಲ. ನನಗೆ ಏನಾಯಿತೋ, "ಇದೇನ್ರೋ ಎಳೆಯೋದು? ಇಸಾವೊ ಇದ್ದಿದ್ರೆ ಒಂದು ಗೇಣು ಉಳಿಸ್ತಿದ್ದ! ನಿಂತ್ಕೊಂಡೇನ್ ನೋಡ್ತೀರಾ, ಎಳೀರಿ!" ಎಂದು ಕಿರುಚಿದೆ. ಬೀದಿಯೆಲ್ಲ ಹೋ ಎಂದು ನಕ್ಕಿತು. ಬಂಡಿ ಕಣ್ಮರೆಯಾಗುವ ತನಕ ನಾನು ಕಿರುಚುತ್ತಲೇ ಇದ್ದೆನಂತೆ, ಅಜ್ಜಿ ಹೇಳಿದಳು. ಗಂಟಲು ಹೋದದ್ದು ಹೀಗೆ.

ಇವತ್ತು ಬೆಳಿಗ್ಗೆ ನಕಾನಿಶಿ ಈ ವರ್ಷದ ಶೀಶೆ ತಂದ. ನಿಮ್ಮ ಅಪ್ಪನ ಫೋಟೊ ಮುಂದೆ ಇಟ್ಟಿದ್ದೇನೆ. ವಾಪಸ್ಸು ಕೊಡಲಿಲ್ಲ. ಮಧ್ಯಾಹ್ನ ಅವನೇ ಮತ್ತೆ ಬಂದು ತಲೆ ಕೆರೆದುಕೊಳ್ಳುತ್ತ, "ಅತ್ತಿಗೆ, ಶೀಶೆ ಸರಿ, ಈ ಸಲ ಬ್ರೆಡ್ಡೂ ಇಲ್ವಾ?" ಎಂದು ಕೇಳಿದ. ಈಗ ಒಲೆಯಲ್ಲಿ ಬೇಯುತ್ತಿದೆ. ಹೆಂಚು ಹೊದಿಸಲು ಶನಿವಾರ ಜನ ಬರುತ್ತಾರೆ.

ಫುಸಾಎ ಅಜ್ಜಿ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಬೈಗುಳವನ್ನೂ. ನಿನ್ನ ಜೊತೆ ಕೆಲಸ ಮಾಡುವವರಿಗೆ ನನ್ನ ನಮಸ್ಕಾರ. ಪಟ್ಟಿ ಹಚ್ಚಿಕೋ.

ಹದಿನೆಂಟು ಸಲದ ಸಾಲ ಹೊತ್ತ,
ನಿನ್ನ ಮಾರ್ಕೆತ್ತಾ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ, ಬರಹ ವಕ್ರವಾಗಿದ್ದರೆ ಬೈಯಬೇಡ. ಕಂಪನಿಯವರು ಇನ್ನೂ ಎರಡು ವರ್ಷ ಅಲ್ಲೇ ಇರು ಎನ್ನುತ್ತಿದ್ದಾರೆ ಎಂದು ನೀನು ಹೋದ ವಾರ ಫೋನಿನಲ್ಲಿ ಹೇಳಿದಾಗ "ನಿನ್ನಿಷ್ಟ" ಎಂದೆನಲ್ಲ, ಅದು ಸುಳ್ಳು. ಹಗ್ಗ ಹಿಡಿಯಲು ವಯಸ್ಸಿನ ಪ್ರಕಾರ ನಿನಗಿನ್ನು ಮುಂದಿನ ವರ್ಷ ಒಂದೇ ಉಳಿದಿದೆ ಎಂದು ನಕಾನಿಶಿ ಹೇಳಿದ. ಆದರೆ ನಾನು ಕರೆಯುತ್ತಿರುವುದು ಅದಕ್ಕಲ್ಲ. ಹಬ್ಬದ ಎರಡು ದಿನ ಹೇಗೋ ಕಳೆಯುತ್ತವೆ. ಉಳಿದ ಮುನ್ನೂರ ಅರವತ್ತಮೂರು ದಿನ ಈ ಮನೆಯಲ್ಲಿ ಒಂದು ಸದ್ದೂ ಇಲ್ಲ, ಇಸಾವೊ. ಕಂಪನಿಯ ಕಾಗದಕ್ಕೆ ಸಹಿ ಹಾಕಬೇಡ. ಬಂದುಬಿಡು.