ತಾವು ಕೈ ತೊಳೆಯುವಾಗ ಸಿಕ್ಕ ಪುರಾವೆ

ಪೇಟೆಂಟ್ ಮೇಲ್ಮನವಿ ಪೀಠದ ಮಾನ್ಯ ಅಧ್ಯಕ್ಷರೇ,

ನನ್ನ ಮೇಲ್ಮನವಿಯನ್ನು ವಜಾ ಮಾಡಿದ ತಮ್ಮ ಆದೇಶ ಕೈಸೇರಿತು. ಓದಿ ಅಳೋಣವೆಂದು ಕೂತವಳು ನಕ್ಕೂ ನಕ್ಕೂ ಸುಸ್ತಾದೆ. ವಯಸ್ಸಾದವರು ತೊಡುವ ಡಯಾಪರ್‌ಗೆ ನಾನು ಮಾಡಿದ ವಿನ್ಯಾಸ ಯಾರಿಗಾದರೂ ಹೊಳೆಯುವಂಥದ್ದೆಂದು ಮೊದಲ ಪುಟದಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಕೊನೆಯ ಪುಟದಲ್ಲಿ, ಅದು ಕೆಲಸ ಮಾಡುತ್ತದೆಂಬುದಕ್ಕೆ ಪುರಾವೆಯೇ ಇಲ್ಲವೆಂದಿದ್ದೀರಿ. ಅಂದರೆ, ಕೆಲಸಕ್ಕೆ ಬಾರದ ವಸ್ತುವೊಂದು ಲೋಕದ ಸಕಲರ ತಲೆಯಲ್ಲೂ ಹೊಳೆಯುತ್ತಾ ಕೂತಿದೆಯೇ ಸ್ವಾಮಿ?

ನಾನು ಕಿಟಕಿ ಪರದೆ ಹೊಲಿಯುವವಳು. ನಮ್ಮ ಮಾವ ನಿವೃತ್ತ ಬಸ್ ಚಾಲಕರು. ಅಂಗಡಿಯ ಡಯಾಪರ್ ಬದಲಿಸಲು ಅವರು ಬೂಟು ಬಿಚ್ಚಿ, ಪ್ಯಾಂಟು ಬಿಚ್ಚಿ, ಯಾರದೋ ಹೆಗಲು ಹಿಡಿದು ಒಂಟಿಕಾಲಲ್ಲಿ ಕುಣಿಯಬೇಕಿತ್ತು. ಈ ನಾಟ್ಯ ಪರರ ಮನೆಯಲ್ಲಿ ಬೇಡವೆಂದು ಕೇರಂ ಆಟಕ್ಕೆ ಹೋಗುವುದನ್ನೇ ಬಿಟ್ಟರು. ಇದನ್ನು ನೋಡಲಾಗದೆ ನಾನೇ ಸೂಜಿ ಹಿಡಿದೆ. ಒಂದರ ಕೆಳಗೊಂದು ತೆಳು ಪದರ ಜೋಡಿಸಿ, ಮೇಲಿನದು ನೆನೆದಾಗ ಸೊಂಟದ ಮುಂಭಾಗದ ಪಟ್ಟಿ ಎಳೆದರೆ ಅದು ಪರದೆಯಂತೆ ಸರಿದು ಹೊರಬರುವ ಹಾಗೆ ಹೊಲಿದೆ. ಕೆಳಗೆ ಒಣ ಪದರ ಸಿದ್ಧ. ನಿಂತಲ್ಲೇ, ಬೂಟು ಹಾಕಿಕೊಂಡೇ, ಒಬ್ಬರೇ!

ಪುರಾವೆ ಎಲ್ಲಿ ಎಂದಿರಲ್ಲ? ವಿಚಾರಣೆಯ ದಿನ ಮುಂದಿನ ಸಾಲಿನಲ್ಲೇ ಕೂತಿತ್ತು, ನೀಲಿ ಸ್ವೆಟರ್ ಹಾಕಿಕೊಂಡು, ಒಳಗೆ ನಾನು ಹೊಲಿದದ್ದನ್ನು ತೊಟ್ಟುಕೊಂಡು. ಚಹಾ ವಿರಾಮದಲ್ಲಿ ತಮ್ಮ ಹಿಂದೆಯೇ ಶೌಚಾಲಯಕ್ಕೆ ಬಂದಿತ್ತು. ಪಟ್ಟಿ ಎಳೆದು ನಿಮಿಷದಲ್ಲಿ ಕೆಲಸ ಮುಗಿಸಿ ಬಂದ ಅದನ್ನು ನಲ್ಲಿಯ ಬಳಿ ತಾವೇ ಮಾತನಾಡಿಸಿದಿರಿ.

“ಏನ್ ಯಜಮಾನ್ರೇ, ಒಬ್ರೇ ಬಂದ್ಬಿಟ್ರಾ? ಕೋಲೂ ಇಲ್ಲ, ಜೊತೆಗೆ ಜನಾನೂ ಇಲ್ಲ! ಭಲೇ ಚುರುಕು ನೀವು!”

ಮಾವ ಬೀಗುತ್ತಾ ಬಂದು ನನ್ನ ಕಿವಿಯಲ್ಲಿ ಇದನ್ನು ಊದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಸೆರಗು ಹಿಡಿದು ಜಗ್ಗಿ ಕೂರಿಸಿದರು. “ಇಷ್ಟು ಜನರ ಮುಂದೆ ನನ್ನ ಚಡ್ಡಿ ವಿಷಯ ಎತ್ತಿದ್ರೆ ನೋಡು ಮತ್ತೆ!” ಹಿರಿಯರ ಮಾತು. ಬಾಯಿಗೆ ಬೀಗ ಹಾಕಿಕೊಂಡೆ. ಕೇಸು ಬಿದ್ದುಹೋಯಿತು.

ಈಗ ಅವರೇ ಆದೇಶ ಓದಿ ಕೆಂಡವಾಗಿದ್ದಾರೆ. “ಬರಿಯಮ್ಮ, ಪೇಪರ್‌ಗೇ ಬರಿ! ಮಾನ ಹೋದ್ರೆ ಹೋಗ್ಲಿ. ನನ್ನನ್ನೇ ನೋಡಿ, ಭಲೇ ಅಂದು, ಪುರಾವೆ ಇಲ್ಲ ಅಂತಾರಲ್ಲ!” ಅದಕ್ಕೇ ತಮಗೆ ಈ ಪತ್ರ, ಪತ್ರಿಕೆಯ ಮೂಲಕ.

ಪೇಟೆಂಟ್ ಇಲ್ಲದೆ ಯಂತ್ರ ಚಾಲೂ ಮಾಡುವುದಿಲ್ಲವೆಂದು, ಇದನ್ನು ತಯಾರಿಸಲು ಮುಂದೆ ಬಂದಿದ್ದ ಕಾರ್ಖಾನೆಯವರು ಖಡಾಖಂಡಿತವಾಗಿ ಹೇಳಿದ್ದಾರೆ. ನನ್ನ ಎರಡು ಕೈಗಳಿಂದ ಒಬ್ಬರಿಗೆ ಹೊಲಿಯುವುದೇ ಹೆಚ್ಚು. ಮಾವ ಮತ್ತೆ ಆಟಕ್ಕೆ ಹೋಗುತ್ತಿದ್ದಾರೆ, ನಿಜ. ಆದರೆ ಅವರ ಹಳೆಯ ಜೊತೆಗಾರ, ಅವರ ಬಸ್ಸಿನ ಕಂಡಕ್ಟರ್, ಇದೇ ನಾಚಿಕೆಗೆ ಮನೆಯಿಂದ ಹೊರಗೇ ಬರುತ್ತಿಲ್ಲ. ಕೇರಂ ಹಲಗೆಗೆ ಪುಡಿ ಉದುರಿಸಿ, ಎದುರಿನ ಖಾಲಿ ಕುರ್ಚಿ ನೋಡುತ್ತಾ ಮಾವ ಎರಡೂ ಕಡೆಯ ಆಟ ತಾವೇ ಆಡುತ್ತಾರೆ. ಅದನ್ನು ನೋಡಿದಾಗ ಮಾತ್ರ ನನಗೆ ನಗು ಬರುವುದಿಲ್ಲ.

ಆದ್ದರಿಂದ ಮರುವಿಚಾರಣೆ ನಡೆಸಿ. ಸಾಕ್ಷಿಯಾಗಿ ಮಾವ ಬರುತ್ತಾರೆ. ಎರಡನೆಯ ಸಾಕ್ಷಿಯನ್ನಾಗಿ ತಮ್ಮನ್ನೇ ಕರೆಯುತ್ತೇನೆ. ನಲ್ಲಿಯ ಬಳಿ ಏನು ನೋಡಿದಿರಿ, ಏನು ಹೇಳಿದಿರಿ ಎಂಬುದನ್ನು ಪ್ರಮಾಣ ಮಾಡಿ ಹೇಳಿದರೆ ಸಾಕು.

ಇಂತಿ,
ಸೆರಗು ಜಗ್ಗಿದರೂ ಇನ್ನು ಕೂರದ ಸೊಸೆ