ನೀರುಗಂಟಿಯ ಮೊಮ್ಮಗಳು

ಆಗಸ್ಟ್ ೧೩, ಬುಧವಾರ

ಸಿದ್ದೇಶ್ ಮಾವ ನಕ್ಕದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಕರಾವಳಿ ಕಾವಲು ಪಡೆ ಸೇರಲು ಅರ್ಜಿ ತುಂಬುತ್ತಿದ್ದೆ. ಹಿಂದಿನಿಂದ ಇಣುಕಿ, "ಮಂಡ್ಯದೋಳ್ಗೆ ಸಮುದ್ರ ಯಾಕಮ್ಮೀ? ಕಬ್ಬಿನ್ ಗದ್ದೇಲಿ ಹಡ್ಗು ಬುಡ್ತೀಯಾ?" ಅಂದ.

ನಾನು ಆ ಪಡೆಯನ್ನು ಕಟ್ಟಿದ ೧೯೭೮ರ ಕಾಯ್ದೆಯನ್ನು ಅವನಿಗೆ ಕೇಳಿಸಲೆಂದೇ ಜೋರಾಗಿ ಓದಿದೆ. ಕಡಲಿನಲ್ಲಿ ಕಳ್ಳಸಾಗಣೆ ತಡೆಯಬೇಕು, ಕಷ್ಟಕ್ಕೆ ಸಿಕ್ಕ ಮೀನುಗಾರರಿಗೆ ನೆರವಾಗಬೇಕು ಎಂದೆಲ್ಲ ಇದೆ.

ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಅಂಗಂದ್ರೆ ನೀರ್ಗಂಟಿ ಕೆಲ್ಸ ಕಣ್ಮಗ. ನಿಮ್ ತಾತ ಮಾಡ್ತಿದ್ದುದ್ದೇ."

ಮಾವನ ನಗು ನಿಂತಿತು.

ತಾತ ಅಂಕಯ್ಯ ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುತ್ತಿದ್ದ. ಸರದಿ ಮುರಿದು ತೂಬು ಎತ್ತಲು ಬಂದ ದೊಡ್ಡವರಿಗೆ ಗುದ್ದಲಿ ಅಡ್ಡ ಹಿಡಿದು ನಿಂತವನು. ಊರಿನ ಗದ್ದೆಗೆಲ್ಲ ನೀರು ಹಂಚಿದ ಆ ಕೈ ಊರ ಬಾವಿಯ ಹಗ್ಗ ಮಾತ್ರ ಮುಟ್ಟುವಂತಿರಲಿಲ್ಲ. ಇದು ಮಾವನಿಗೂ ಗೊತ್ತು. ಗೊತ್ತಿದ್ದೂ ನಕ್ಕ.

ಅರ್ಜಿ ಕಳಿಸಿಬಿಟ್ಟೆ. ಆಯ್ಕೆ ಆಗುತ್ತೇನೋ ಇಲ್ಲವೋ, ಈಗ ಕಣ್ಣು ಎಳೆಯುತ್ತಿದೆ. ಆದರೆ ಒಂದು ಮಾತು ಬರೆದೇ ಮಲಗುತ್ತೇನೆ: ಸಮುದ್ರಕ್ಕೆ ಬಾವಿಕಟ್ಟೆ ಇಲ್ಲ, ಮಾವ.